ಜೌಗಿನಲ್ಲಿ ಹೂತ ಮದ್ದು

ಕೋವಿ ಹಿಡಿದವನಿಗೆ ಮೊದಲು ಕಲಿಸಬೇಕಾದದ್ದು ಗುರಿಯಲ್ಲ, ಮದ್ದನ್ನು ಒಣಗಿರುವಂತೆ ಕಾಪಾಡುವ ಶಿಸ್ತು ಎಂಬುದು ಟರ್ಲಾನ ನಂಬಿಕೆ. ಸ್ಪೇನ್ ದೊರೆಯ ದಂಡಿನಲ್ಲಿ ಹನ್ನೆರಡು ವರ್ಷ ದುಡಿದಿದ್ದ ಅವನು, ಇಂಗ್ಲಿಷರ ಮೇಲೆ ತನ್ನವರು ತಿರುಗಿಬಿದ್ದರೆಂದು ಕೇಳಿ ಐರ್ಲೆಂಡಿನ ಅಲ್‌ಸ್ಟರಿಗೆ ಮರಳಿ, ದನ ಕಾಯುತ್ತಿದ್ದ ಅರವತ್ತು ಮಂದಿಗೆ ನಲವತ್ತು ದಿನ ಕವಾಯತು ಕಲಿಸಿದ್ದ. ಸಾಲಿನಲ್ಲಿ ನಿಲ್ಲುವುದು, ಕೋವಿಗೆ ಕಿಡಿ ತಾಗಿಸುವ ಉರಿಯುವ ಬತ್ತಿಹಗ್ಗವನ್ನು ಮದ್ದಿನಿಂದ ದೂರ ಹಿಡಿಯುವುದು, ಗುಂಡು ಹಾರಿಸಿ ಹಿಂದಿನವನಿಗೆ ಜಾಗ ಬಿಡುವುದು, ಎಲ್ಲವೂ ಅವರಿಗೆ ಕರಗತವಾಗಿತ್ತು.

ನಿನ್ನೆ ಅವರು ಬೆಟ್ಟದಾಚೆ ಇದ್ದಾಗ ಇಂಗ್ಲಿಷ್ ಸವಾರರು ಊರಿಗೆ ನುಗ್ಗಿದರು. ಮದ್ದಿನ ಕಾವಲು ಹೊತ್ತಿದ್ದ ಪಾರುಪತ್ಯಗಾರ ಫೆಲಿಮ್, ಮದ್ದಿನ ಕೊಟ್ಟಿಗೆಗೆ ಬೀಗವನ್ನೂ ಹಾಕದೆ ಊರಲ್ಲಿದ್ದ ಒಂದೇ ಕುದುರೆಯನ್ನೇರಿ ಪರಾರಿಯಾದ. ಇದ್ದ ಒಂದೇ ಪೀಪಾಯಿ ಮದ್ದನ್ನು ಹಾಲು ಕರೆಯುವ ವಿಧವೆ ಲಾಸರ್ ಉರುಳಿಸಿಕೊಂಡು ಹೋಗಿ ಜೌಗಿನಲ್ಲಿ ಹೂತಳು. ಕೆಡದಿರಲೆಂದು ಊರವರು ಬೆಣ್ಣೆ ಹೂತಿಡುವುದೂ ಅಲ್ಲಿಯೇ.

ಸವಾರರು ಹೋದ ಮೇಲೆ ಹಿಂತಿರುಗಿದ ಫೆಲಿಮ್ ಮಾಡಿದ ಮೊದಲ ಕೆಲಸವೆಂದರೆ, ಮದ್ದನ್ನು ನೀರಲ್ಲಿ ಹಾಳುಮಾಡಿದಳೆಂದು ಊರ ಒಡೆಯನಿಗೆ ಆಕೆಯ ಮೇಲೆ ದೂರು ಹೇಳಿದ್ದು. ಓಡಿದವನಿಗೆ ನಾಲಿಗೆ ಉದ್ದ! ಮದ್ದು ನೆನೆದಿದ್ದರೆ ಅವಳನ್ನು ಗಲ್ಲಿಗೇರಿಸಬೇಕೆಂದು ಒಡೆಯ ಅಪ್ಪಣೆ ಕೊಟ್ಟ. ಪರೀಕ್ಷಿಸುವ ಹೊಣೆ ಟರ್ಲಾನದು.

"ಅಲ್ಲ ಅಕ್ಕಾ, ಜೌಗು ಅಂದ್ರೆ ನೀರು ಅಲ್ವಾ?" ಎಂದ ಟರ್ಲಾ, ಅಗೆಯುವವರನ್ನು ನೋಡುತ್ತ.

"ನಮ್ಮತ್ತೆ ಹೂತಿಟ್ಟ ಬೆಣ್ಣೆ ಏಳು ವರ್ಷ ಆದ್ರೂ ಕೆಟ್ಟಿಲ್ಲ ಕಣಪ್ಪಾ."

"ಕೇಳಿದ್ರಾ!" ಫೆಲಿಮ್ ಗಹಗಹಿಸಿದ. "ಮದ್ದಂತೆ, ಬೆಣ್ಣೆಯಂತೆ! ಇವಳು ಇಂಗ್ಲಿಷರ ಕಡೆಯೋಳು, ಬರ್ದಿಟ್ಕೊಳ್ಳಿ."

"ಕುದುರೆ ಬೆವರು ಆರ್ತಾ ಯಜಮಾನ್ರೇ?" ಎಂದಳು ಲಾಸರ್. "ಪಾಪ, ನಿಮಗಿಂತ ಅದೇ ಜಾಸ್ತಿ ಹೆದರಿತ್ತು."

ಅಗೆಯುತ್ತಿದ್ದವರು ನಕ್ಕರು. ಟರ್ಲಾನಿಗೆ ನಗು ಬರಲಿಲ್ಲ. ಪೀಪಾಯಿಯೊಂದು ಮೇಲೆ ಬಂತು. ಮುಚ್ಚಳ ತೆಗೆದ ಅವನ ಬೆರಳು ಮೆತ್ತಗೆ ಒಳಗಿಳಿಯಿತು.

"ನೆಂದು ಮುದ್ದೆಯಾಗಿದೆ! ಹಗ್ಗ ತನ್ನಿ!" ಎಂದು ಕೂಗಿದ ಫೆಲಿಮ್.

ಟರ್ಲಾ ಬೆರಳನ್ನು ಮೂಸಿದ, ನೆಕ್ಕಿದ. ಬೆಣ್ಣೆ!

"ಅದು ನಮ್ಮತ್ತೇದು," ಎಂದಳು ಲಾಸರ್. "ಆ ಕಡೆ ಅಗೀರಿ ಅಂದ್ರೆ ಕೇಳಿದ್ರಾ? ಗುರುತಿಗೆ ನಾನು ನೆಟ್ಟ ಕೋಲು ಕಾಣಲ್ವಾ?"

ಹಸಿ ತೊಗಲಿನಲ್ಲಿ ಸುತ್ತಿದ ಎರಡನೆಯ ಪೀಪಾಯಿ ಮೇಲೆ ಬಂತು. ತೊಗಲಿನ ಹೊಲಿಗೆಗೆ, ಪೀಪಾಯಿಯ ಸಂದುಗಳಿಗೆ, ಮುಚ್ಚಳದ ಅಂಚಿಗೆ ಕರಗಿಸಿದ ಕೊಬ್ಬನ್ನು ದಪ್ಪಗೆ ಮೆತ್ತಲಾಗಿತ್ತು. ಟರ್ಲಾ ಚಿಟಿಕೆ ಮದ್ದು ತೆಗೆದು ದೂರದ ಚಪ್ಪಡಿಯ ಮೇಲಿಟ್ಟ. ಅದಕ್ಕೆ ಬತ್ತಿಯ ಕೆಂಡ ತಾಗಿಸಿದ.

ಭುಗ್ಗೆಂದು ಹೊತ್ತಿಕೊಂಡಿತು. ನೆನೆದ ಮದ್ದಾಗಿದ್ದರೆ ಕಲ್ಲಿನ ಮೇಲೆ ತೇವ ಉಳಿಯುತ್ತಿತ್ತು; ಇಲ್ಲಿ ಒಂದಿಷ್ಟೂ ಉಳಿಯಲಿಲ್ಲ.

ನಿನ್ನೆಯಿಂದ ಬಿಗಿಹಿಡಿದ ಉಸಿರನ್ನು ಟರ್ಲಾ ಈಗ ಬಿಟ್ಟ. ಚಪ್ಪಡಿಯ ಪಕ್ಕದಲ್ಲೇ ಕುಳಿತ. ಆ ನೆಮ್ಮದಿಯ ಬೆನ್ನಿಗೇ ನಾಚಿಕೆಯೂ ಬಂತು. ಅರವತ್ತು ಗಂಡಸರಿಗೆ ನಲವತ್ತು ದಿನ ಮದ್ದಿನ ಪಾಠ ಹೇಳಿದ ತಾನು, ಅದನ್ನು ಕಾಪಾಡಬಲ್ಲವಳನ್ನು ಒಂದು ದಿನವೂ ಕೇಳಲಿಲ್ಲ. ಕರ್ತವ್ಯ ಬಿಟ್ಟು ಓಡಿದವನು ದೂರುಗಾರನಾಗಿ, ಕರ್ತವ್ಯವಿಲ್ಲದೆಯೂ ನಿಂತವಳು ಅಪರಾಧಿಯಾಗುವ ನಾಡಿಗೆ ಕೋವಿ ಇದ್ದು ಫಲವೇನು?

ಅವನು ಎದ್ದು ಫೆಲಿಮನ ಸೊಂಟದಿಂದ ಮದ್ದಿನ ಕೊಟ್ಟಿಗೆಯ ಬೀಗದ ಕೈಯನ್ನು ಬಿಚ್ಚಿಕೊಂಡ.

"ಏಯ್, ಒಡೆಯರಿಗೆ ಹೇಳ್ತೀನಿ!"

"ಹೇಳಿ. ನಾನೂ ಬರ್ತೀನಿ. ಕುದುರೇನ ಮಾತ್ರ ಇಲ್ಲೇ ಬಿಟ್ಟು ನಡೀರಿ."

ಬೀಗದ ಕೈಯನ್ನು ಲಾಸರಳಿಗೆ ಕೊಟ್ಟು ಅವನು ದಂಡಿನತ್ತ ತಿರುಗಿದ. "ಎಲ್ರೂ ಕೂತ್ಕೊಳ್ಳಿ. ತೊಗಲು ಕಟ್ಟೋದು ಹೇಗೆ ಅಂತ ಇವತ್ತು ಅಕ್ಕ ಹೇಳ್ಕೊಡ್ತಾಳೆ. ಮೊದಲನೇ ಸಾಲಲ್ಲಿ ನಾನೇ ಕೂತ್ಕೊಳ್ತೀನಿ."

"ಪಾಠ ಆಮೇಲೆ," ಎಂದಳು ಲಾಸರ್. "ಮೊದ್ಲು ನಮ್ಮತ್ತೆ ಬೆಣ್ಣೆ ವಾಪಸ್ ಹೂಳ್ರಪ್ಪಾ. ಬಿಸಿಲಿಗೆ ಕೆಡುತ್ತೆ."