ಒಣಗದ ಎಸಳು

ಎಸ್ಟೇಟ್ ಧಣಿಗಳ ಬಂಗಲೆಯ ಅಂಗಳದಲ್ಲಿ ಕ್ಯಾಲೆಂಡುಲ ಬರೀ ನೋಡುವ ಹೂವು. ಅದನ್ನು ಮದ್ದು ಮಾಡಿದವಳು ನಾನು. ನನ್ನ ಒಡೆದ ಹಿಮ್ಮಡಿಗೆ ಹಾಸನದ ಡಾಕ್ಟರು ಕೊಟ್ಟ ಮುಲಾಮಿನ ಡಬ್ಬಿಯ ಮೇಲೆ ಆ ಕಿತ್ತಳೆ ಹೂವಿನ ಚಿತ್ರವಿತ್ತು. ಮಾಲಿಯನ್ನು ಕಾಡಿ ಒಂದು ಹಿಡಿ ಬೀಜ ತಂದು ನಮ್ಮ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಚೆಲ್ಲಿದೆ. ನನ್ನ ಗಂಡ ನಂಜುಂಡಯ್ಯ ಹೊಂಗಡಹಳ್ಳದ ಹತ್ತಿರದ ಆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. "ದೇವರಿಗೂ ಇಲ್ಲ, ಮುಡಿಗೂ ಇಲ್ಲ, ಯಾಕೆ ಬೇಕೇ ಇದು?" ಎಂದು ನಕ್ಕರು. ಒಣಗಿದ ಎಸಳನ್ನು ಕೊಬ್ಬರಿ ಎಣ್ಣೆಯಲ್ಲಿ ತಿಂಗಳು ನೆನೆಸಿ, ಕಾಫಿ ಕುಯ್ಯುವ ಹೆಂಗಸರ ಬಿರಿದ ಕೈಗೆ ಹಚ್ಚಿದೆ. ಅದು ವಾಸಿಯಾದ ಮೇಲೆ ಅವರು ಸುಮ್ಮನಾದರು. ಐದಾರು ವರ್ಷದಲ್ಲಿ ಕೂಲಿಯವರ ಮನೆಸಾಲು ಲೈನಿನ ತುಂಬ ರೈಟ್ರಮ್ಮನ ಕೈಗುಣದ್ದೇ ಮಾತು. ಹೊಗಳಿಸಿಕೊಳ್ಳುವುದು ನನಗೂ ಇಷ್ಟವೇ, ಸುಳ್ಳು ಯಾಕೆ ಹೇಳಲಿ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ವಾರಗಟ್ಟಲೆ ಮೋಡ, ಜಿಟಿಜಿಟಿ ಮಳೆ. ಹಳೆಯ ಎಣ್ಣೆ ಮುಗಿದಿತ್ತು. ಇಬ್ಬನಿ ಆರಿದ ಮೇಲೆ ಹೂವು ಕೀಳಬೇಕು, ಹಿಡಿದರೆ ಗರಿಗರಿ ಅನ್ನುವವರೆಗೆ ಎಸಳನ್ನು ನೆರಳಲ್ಲಿ ಒಣಗಿಸಬೇಕು. ಇದನ್ನು ನಾನೇ ಹತ್ತು ಜನಕ್ಕೆ ಪಾಠ ಹೇಳಿದ್ದೆ. ಆದರೂ ಕೇಳಿದವರಿಗೆ ಇಲ್ಲ ಎನ್ನಲು ಮನಸ್ಸು ಬಾರದೆ, ಒದ್ದೆ ಹೂವನ್ನೇ ಕಿತ್ತು ಒಂದು ದಿನ ಒಲೆಯ ಹತ್ತಿರ ಇಟ್ಟು ಎಣ್ಣೆಗೆ ಹಾಕಿದೆ. ಹನ್ನೆರಡನೇ ದಿನ ನೋಡಿದರೆ ಮೇಲೆ ತೆಳ್ಳಗೆ ಬೂಷ್ಟು ಕಟ್ಟಿತ್ತು. ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದೆ.

ಆವತ್ತೇ ಲೈನಿನ ಭೂತಮ್ಮ ಓಡಿ ಬಂದಳು. ನಾಲ್ಕು ವರ್ಷದ ಮಗಳು ಶಾಲಿನಿಯ ಕಾಲ ಮೇಲೆ ಬಿಸಿ ಗಂಜಿ ಚೆಲ್ಲಿತ್ತು. ದಿನಾ ಎರಡು ಸಲ ಹಚ್ಚು ಎಂದು ಆ ಬಾಟಲಿ ಕೊಟ್ಟೆ. ದಿನವೂ ಅವರ ಬಾಗಿಲವರೆಗೆ ಹೋಗಿ ವಿಚಾರಿಸಿಕೊಂಡೂ ಬಂದೆ.

ಆರನೇ ದಿನಕ್ಕೆ ಗಾಯ ಕೀವಾಗಿ ಮಗುವಿಗೆ ಜ್ವರ ಏರಿತು. ಎಸ್ಟೇಟ್ ಜೀಪಿನಲ್ಲಿ ಸಕಲೇಶಪುರ, ಅಲ್ಲಿಂದ ಹಾಸನ. ಮೂರು ವಾರ ಆಸ್ಪತ್ರೆ. ಮಗು ಉಳಿಯಿತು, ಆದರೆ ಮೊಣಕಾಲಿನ ಹಿಂದೆ ಚರ್ಮ ಸೆಳೆದುಕೊಂಡು ಕಾಲು ನೆಟ್ಟಗಾಗಲಿಲ್ಲ.

ಮಗು ಮನೆಗೆ ಬಂದ ಮೇಲೆ ಒಂದು ದಿನ ಭೂತಮ್ಮನ ಅತ್ತೆ ಹುಲಿಯಮ್ಮ ಲೈನಿನ ನಲ್ಲಿಯ ಹತ್ತಿರ ನನ್ನೆದುರೇ ಉಳಿದ ಹೆಂಗಸರಿಗೆ ಹೇಳಲು ಶುರುಮಾಡಿದಳು. "ರೈಟ್ರಮ್ಮ ಬಂಗಾರದಂಥ ಎಣ್ಣೆ ಕೊಟ್ರು. ಇವ್ಳು ಕೊಳಕು ಕೈಲಿ ಹಚ್ಚಿ ಮಗೀನ ಕಾಲು ಕುಂಟು ಮಾಡ್ಬುಟ್ಲು ಕಣ್ರೀ."

ಭೂತಮ್ಮ ತಲೆ ತಗ್ಗಿಸಿ ಕೊಡ ತುಂಬಿಸುತ್ತಿದ್ದಳು. ನಾನು ತುಟಿ ಬಿಚ್ಚಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸುವ ಕೆಲಸವನ್ನೂ ಮಾಡಬೇಕಾಗಿರಲಿಲ್ಲ, ಹುಲಿಯಮ್ಮನೇ ಮಾಡುತ್ತಿದ್ದಳು. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೇ ದಿನ ಮಧ್ಯಾಹ್ನ ಲೈನಿಗೆ ಹೋದೆ. ಅತ್ತೆ ಸೊಸೆ ಇಬ್ಬರೂ ಇರುವ ಹೊತ್ತು ನೋಡಿಯೇ ಹೋದೆ.

"ಎಣ್ಣೆ ಕೆಟ್ಟಿತ್ತು ಹುಲಿಯಮ್ಮ. ಎಸಳು ಒಣಗಿರಲಿಲ್ಲ. ಬೂಷ್ಟು ಬಂದಿದ್ದು ನೋಡಿಯೂ ಕೊಟ್ಟೆ. ತಪ್ಪು ನಂದು, ಇವಳದ್ದಲ್ಲ."

ಹುಲಿಯಮ್ಮ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಭೂತಮ್ಮ ಮಗಳ ಕಾಲು ನೀವುತ್ತಿದ್ದವಳು ತಲೆ ಎತ್ತಲಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಂಗೊತ್ತಿತ್ತು ಕಣಮ್ಮ," ಎಂದಳು. "ಮೊದ್ಲ ದಿನ್ವೇ ಮುಗ್ಗುಲು ವಾಸ್ನೆ ಬಂತು."

"ಮತ್ತೆ ಯಾಕೆ ಹಚ್ಚಿದೆ?"

"ದಿನಾ ಬಾಗ್ಲಲ್ಲಿ ನಿಂತ್ಕಂಡು ಕೇಳ್ತಿದ್ರಲ್ಲ, ಹಚ್ಚಿದ್ಯಾ ಅಂತ. ರೈಟ್ರಮ್ಮಂಗೆ ಇಲ್ಲ ಅನ್ನಕಾಯ್ತದಾ?"