ಹಲ್ಲಿನೊಡನೆ ಹುಟ್ಟಿದವಳು

ಚುಚ್ಚಿತು, ಮತ್ತೆ ಅಲ್ಲೇ, ಶಶಿಪ್ರಭೆ ಉಸಿರು ಬಿಗಿಹಿಡಿದಳು, ಎದೆಯಲ್ಲಿದ್ದ ಮಗು ಬಿಡಲಿಲ್ಲ, ಹುಟ್ಟುವಾಗಲೇ ಅದರ ಕೆಳಒಸಡಿನ ನಡುವೆ ಒಂದು ಹಲ್ಲಿತ್ತು — ಗಂಡ ಟೈಫಾಯ್ಡಿನಲ್ಲಿ ಹೋದಾಗ ಅವಳು ಆರು ತಿಂಗಳ ಬಸುರಿ, ಆಮೇಲೆ ಯಾವುದೂ ನಾಟಿಲ್ಲ, ಬಳೆ ತೆಗೆದಾಗಲೂ ಅದು ಬೇರೆ ಯಾರದೋ ಕೈ, ನಾಟಿದ್ದು ಈ ಹಲ್ಲೊಂದೇ, ಇರಲಿ, ಚುಚ್ಚಲಿ. ಹೊರಗೆ ಅಮ್ಮ ಕಂಚಿನ ಬಟ್ಟಲಿಗೆ ಎಳ್ಳೆಣ್ಣೆ ಸುರಿಯುತ್ತಿದ್ದಾಳೆ, ಬೆಳ್ತಂಗಡಿಯಲ್ಲಿ ಹೋಟೆಲು ಇಟ್ಟಿರುವ ಅವಳ ಅಣ್ಣ ಲೋಕಣ್ಣ ಬರುತ್ತಾನೆ, ಸೋದರಮಾವ ಇಂಥ ಮಗುವಿನ ಮುಖ ನೇರ ನೋಡಬಾರದಂತೆ, ಎಣ್ಣೆಯಲ್ಲಿ ಬಿಂಬ ನೋಡಬೇಕಂತೆ, ಅದಕ್ಕೂ ಮೊದಲು ಸೂಲಗಿತ್ತಿ ಸೇಸಮ್ಮ ನೂಲು ಕಟ್ಟಿ ಹಲ್ಲು ಕೀಳಬೇಕು, ಹೊಟ್ಟೆಯಲ್ಲಿದ್ದೇ ಅಪ್ಪನನ್ನು ತಿಂದದ್ದು ಮಾವನನ್ನು ಬಿಡ್ತದಾ ಮಗಳೇ, ನಮ್ಮದು ಅಳಿಯಸಂತಾನದ ಮನೆ, ಮಾವನೇ ಯಜಮಾನ, ಅವನಿಗೇನಾದರೂ ಆದರೆ ನಿಮ್ಮಿಬ್ಬರನ್ನು ನೋಡಲಿಕ್ಕೆ ಯಾರುಂಟು — ಅಮ್ಮನ ಹೆದರಿಕೆ ನಾಟಕವಲ್ಲ, ಅದೇ ಕಷ್ಟ. ಮನೆಗೆ ಬಂದಿದ್ದ ಬಂಟ್ವಾಳದ ಡಾಕ್ಟರು ಬೆರಳಿಟ್ಟು ಒತ್ತಿ ನೋಡಿದ್ದರು, ಇದು ಹೆಚ್ಚಿನ ಹಲ್ಲಲ್ಲ, ಹಾಲುಹಲ್ಲೇ ಅವಸರ ಮಾಡಿದೆ, ಅಲುಗಾಡುವುದಿಲ್ಲ, ಕಿತ್ತರೆ ಆರೇಳು ವರ್ಷ ಅಲ್ಲಿ ಬೋಳು. ಈ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಅಲ್ಲಿನ ಕಾಲೇಜಿನಲ್ಲಿ ಓದುವಾಗ ಗಾಜಿನ ಭರಣಿಯಲ್ಲಿ ಅವಳು ಕಂಡ ಭ್ರೂಣದ ಒಸಡಿನೊಳಗೂ ಹಲ್ಲಿನ ಮೊಳಕೆಗಳಿದ್ದವು, ಎಲ್ಲರೂ ಹಲ್ಲು ಅಡಗಿಸಿಕೊಂಡೇ ಹುಟ್ಟುತ್ತಾರೆ, ತನ್ನ ಮಗಳು ಅಡಗಿಸಲಿಲ್ಲ, ಇಷ್ಟೇ ಅಪರಾಧ. ಅಂಗಳದಲ್ಲಿ ಚಪ್ಪಲಿಯ ಸದ್ದು, ಅಲ್ಲೇ ನಿಲ್ಲು ಮಗಾ ಎನ್ನುತ್ತಾಳೆ ಅಮ್ಮ, ಸೇಸಮ್ಮ ನೂಲು ಹೊಸೆಯುತ್ತಾ ಒಳಗೆ ಬಂದಳು, ಇಲ್ಲಿ ಕೊಡಿ ಅಕ್ಕ, ನನ್ನ ಅಜ್ಜಿ ಹುಲಿಯ ಹಲ್ಲೂ ಕಿತ್ತವಳು, ಹಾಗಾದರೆ ಹುಲಿಯನ್ನೇ ಹುಡುಕಿಕೋ ಸೇಸಮ್ಮ, ಶಶಿಪ್ರಭೆ ಎದ್ದಳು, ಸೊಂಟ ಸೆಳೆಯಿತು, ಬಾಣಂತಿ ದಾಟಬಾರದ ಹೊಸ್ತಿಲು ದಾಟಿದಳು, ಬಟ್ಟಲಿನ ಮೇಲಿಂದಲೇ ಮಗುವನ್ನು ಅಣ್ಣನ ಮುಖದೆದುರು ಎತ್ತಿ ಹಿಡಿದಳು. ಅಣ್ಣಾ, ನೇರ ನೋಡು, ಹೆದರಿಕೆಯಾದರೆ ಹಿಂದೆ ಹೋಗು, ಹಲ್ಲು ಇಲ್ಲೇ ಇರ್ತದೆ. ಲೋಕಣ್ಣ ಎಣ್ಣೆ ನೋಡಿದ, ಅಮ್ಮನನ್ನು ನೋಡಿದ, ನಾಳೆ ಇವನು ಜಾರಿ ಬಿದ್ದರೂ ಮಗುವಿನ ಹೆಸರೇ ಹೇಳುತ್ತಾರೆ, ಸಾಯುವವರೆಗೂ ಹೇಳುತ್ತಾರೆ, ಹೇಳಲಿ, ಕೈ ಸೋಲುತ್ತಿದೆ, ಇಳಿಸುವುದಿಲ್ಲ — ಅವನ ಕಿರುಬೆರಳು ಮುಂದೆ ಬಂತು, ಮಗುವಿನ ತುಟಿ ಸರಿಸಿತು, ಬಾಯಿ ಅದನ್ನು ಕಚ್ಚಿ ಹಿಡಿಯಿತು, ಗಟ್ಟಿ ಉಂಟು ಮಾರಾಯ್ತಿ, ಎಂದ ಅವನು, ನೇರ ಅದರ ಮುಖವನ್ನೇ ನೋಡುತ್ತಾ, ಅಮ್ಮ ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ಕೆಂಪು ಒಸಡು, ಅವನ ಬೆರಳು, ಬೆರಳಿಗೆ ಒತ್ತಿದ ಬಿಳಿ ಹಲ್ಲು, ಹಲ್ಲು