ಹದಿನಾರು ಪುಟಗಳ ಜಗಳ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆಯವರೆಗೂ, ಒಬ್ಬ ಖಾಸಗಿ ಪತ್ತೇದಾರನಿದ್ದ. ಅವನಿಗೆ ಕುದುರೆಯಿಲ್ಲ, ಕತ್ತಿಯಿಲ್ಲ. ಇದ್ದದ್ದು ಎರಡು ಕುರ್ಚಿ, ಒಂದು ಕೊಡೆ. ಠಾಣೆಯವರು ಸಾಗಹಾಕಿದವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದರು. ಇಪ್ಪತ್ತೆಂಟು ಕಾದಂಬರಿಗಳಲ್ಲಿ ಒಮ್ಮೆಯೂ ಅವನು ಯಾರ ಮಾತನ್ನೂ ನಡುವೆ ತುಂಡರಿಸಿರಲಿಲ್ಲ.

ತುಂಡರಿಸುವ ಕೆಲಸ ಈಗ ಕರಡು ತಿದ್ದುವ ಹುಡುಗಿಯ ತಲೆಗೆ ಬಂತು. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ. ಅಚ್ಚುಕೂಟದ ಯಜಮಾನರಾದ ಅವಳ ದೊಡ್ಡಪ್ಪ ಇಪ್ಪತ್ತೊಂಬತ್ತನೆಯ ಕಾದಂಬರಿಯಲ್ಲಿ ಅಷ್ಟು ಪುಟ ತೆಗೆಸಿ ಒಂದು ಹಾಳೆಯ ಖರ್ಚು ಉಳಿಸಲು ಹೊರಟಿದ್ದರು. ಬರೆದವರು ‘ನಿಮ್ಮಿಷ್ಟ’ ಎಂದು ಕೈ ತೊಳೆದುಕೊಂಡಿದ್ದರು. ಐದು ಗಂಟೆಗೆ ಕರಡು ಮುಗಿಸಿ ಕೊಡುತ್ತೇನೆಂದು ಅವಳೂ ಮಾತು ಕೊಟ್ಟಾಗಿತ್ತು.

“ಮೂರನೇ ಅಧ್ಯಾಯದಲ್ಲಿ ಆ ಇಸ್ತ್ರಿ ಅಂಗಡಿ ಮುದುಕಿ ಗೋಳಿದೆಯಲ್ಲ, ಎತ್ತಿಬಿಡು,” ಎಂದರು ದೊಡ್ಡಪ್ಪ.

“ಅವಳ ಮಗಳು ಕಾಣೆಯಾಗಿದಾಳೆ ದೊಡ್ಡಪ್ಪ.”

“ಎರಡು ಸಾಲಲ್ಲಿ ಹೇಳಿಸು. ಓದೋರಿಗೆ ಬೇಕಾಗಿರೋದು ಢಂ ಢಮಾರ್.”

“ಠಾಣೆಯವರೂ ಅವಳಿಗೆ ಅದನ್ನೇ ಅಂದಿದ್ದು, ಬೇಗ ಹೇಳಿ ಮುಗಿಸು ಅಂತ. ನೀವು ಯಾವಾಗ ಪೊಲೀಸ್ ಕೆಲಸಕ್ಕೆ ಸೇರಿದ್ರಿ?”

ಮಷೀನು ನಡೆಸುವ ಮಸಿಯಣ್ಣ ನಗು ತಡೆಯಲಾರದೆ ಕೆಮ್ಮಿದ.

“ನಿನ್ನ ನಾಲಿಗೇಲೂ ಒಂದು ಹದಿನಾರು ಪುಟ ಕತ್ತರಿಸ್ಬೇಕು,” ಎಂದು ದೊಡ್ಡಪ್ಪ ಊಟಕ್ಕೆ ಎದ್ದರು.

ಅವಳಿಗೆ ಮೈಯೆಲ್ಲ ಉರಿಯಿತು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ದಾರಿಬದಿಯ ಮುದುಕಿಯ ಮಾತಿಗೆ ನಿಲ್ಲದ ರಾಜಕುಮಾರರೇ ಕಲ್ಲಾಗುತ್ತಿದ್ದದ್ದು. ವಾಚನಾಲಯದಲ್ಲಿರುವ ಹಿಂದಿನ ಕಾದಂಬರಿಗಳ ಪ್ರತಿಗಳನ್ನು ದೊಡ್ಡಪ್ಪ ಒಮ್ಮೆಯಾದರೂ ತೆರೆದು ನೋಡಿದ್ದರೇ? ಬೆರಳು ತಾಗಿ ತಾಗಿ ಮಾಸಿದ್ದು ಗುಂಡು ಹಾರುವ ಪುಟಗಳಲ್ಲ. ಪತ್ತೇದಾರ ಕುರ್ಚಿ ಎಳೆದುಕೊಟ್ಟು, “ಕೂತ್ಕೊಳ್ಳಿ, ಮೊದಲಿಂದ ಹೇಳಿ” ಎನ್ನುವ ಪುಟಗಳು. ತಮ್ಮನ್ನು ಹಾಗೆ ಕೂರಿಸಿ ಕೇಳುವವರಿಲ್ಲದವರೇ ಅಲ್ಲವೇ ಅವನ್ನು ಓದುತ್ತಿದ್ದದ್ದು? ಅವರ ಬಾಯಿಗೂ ಬೀಗವೇ?

ಕೆಂಪು ಪೆನ್ನು ತೆಗೆದಳು. ಕಾರಿನ ಬೆನ್ನಟ್ಟುವಿಕೆ ಹೋಯಿತು. ಗೋದಾಮಿನ ಮಾಡಿನ ಮೇಲಿನ ಹೊಡೆದಾಟ, ಎರಡು ಸ್ಫೋಟ, ಎಲ್ಲಕ್ಕೂ ಗೆರೆ. ಹದಿನಾಲ್ಕೂವರೆ ಪುಟ ಆಯಿತು. ಕೊನೆಯಲ್ಲಿ ಪೊಲೀಸ್ ಅಧಿಕಾರಿ ಮಾಡುವ ಹೊಗಳಿಕೆಯ ಭಾಷಣವನ್ನೂ ಹೊಡೆದುಹಾಕಿದಾಗ ಹದಿನಾರು ತುಂಬಿತು. ಹರಿದ ಜಾಗಕ್ಕೆ ಹೊಲಿಗೆಯಂತೆ ಒಂದೇ ಸಾಲು ಬರೆದಳು: ‘ಅಪಹರಿಸಿದವನು ಗೋದಾಮಿನ ಒಳಗೇ ಕೂತಿದ್ದ, ಓಡಲು ಅವನಿಗೆ ಎಲ್ಲೂ ಜಾಗವಿರಲಿಲ್ಲ.’

ದೊಡ್ಡಪ್ಪ ಬಂದು ಹಾಳೆ ತಿರುವಿದರು. “ಢಂ ಢಮಾರ್ ಎಲ್ಲಿ?”

“ಹದಿನಾರು ಪುಟ ಕೇಳಿದ್ರಿ, ತೆಗೆದಿದೀನಿ.”

“ಇದು ಮಾರದೇ ಉಳಿದ್ರೆ ಮುಂದಿನ ಕರಡಿಗೆ ಬೇರೆಯವರನ್ನ ನೋಡ್ಕೋತೀನಿ.”

“ನೋಡ್ಕೊಳ್ಳಿ. ಮುದುಕಿ ಮಾತ್ರ ಎದ್ದು ಹೋಗಲ್ಲ.”

ದೊಡ್ಡಪ್ಪ ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ. ಮತ್ತೆ ತಿದ್ದಿಸಲು ಹೊತ್ತಿರಲಿಲ್ಲ. ಗೊಣಗುತ್ತ ಸಹಿ ಹಾಕಿದರು. ಅವಳು ಕರಡಿನ ಕಟ್ಟನ್ನು ತಾನೇ ಎತ್ತಿಕೊಂಡು ಹೋಗಿ ಮಸಿಯಣ್ಣನ ಕೈಗಿಟ್ಟಳು.